ಇಂಗ್ಲಿಷ್ ಕಲಿಸಲು ಯಾವ ದೇಶದ ಪಾಸ್‌ಪೋರ್ಟ್ ಬೇಕು?

ಎಂ.ಎ. ಇಂಗ್ಲಿಷ್, ಬಿ.ಎಡ್. ಮುಗಿಸಿ ತಾಲ್ಲೂಕು ಕೇಂದ್ರದ ಯಾವುದೋ ಖಾಸಗಿ ಶಾಲೆಯಲ್ಲಿ ಹದಿನೈದು, ಹದಿನೆಂಟು ಸಾವಿರ ಸಂಬಳಕ್ಕೆ ದುಡಿಯುತ್ತಿರುವ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಸರ್, ಟೆಫಲ್ ಸರ್ಟಿಫಿಕೇಟ್ ಮಾಡಿಕೊಂಡರೆ ಹೊರದೇಶದಲ್ಲಿ ಇಂಗ್ಲಿಷ್ ಕಲಿಸೋ ಕೆಲಸ ಸಿಗುತ್ತಾ?’ ಮೊಬೈಲಿನಲ್ಲಿ ಬರುವ ಜಾಹೀರಾತು ಅವರಿಗೆ ಹಾಗೆಂದು ಮಾತು ಕೊಟ್ಟಿರುತ್ತದೆ. 120 ಗಂಟೆಯ ಕೋರ್ಸು, ಮನೆಯಲ್ಲೇ ಕೂತು ಮುಗಿಸಬಹುದು, ಶುಲ್ಕ ಒಂದೆರಡು ಸಾವಿರ, ಆಮೇಲೆ ಜಗತ್ತಿನ ಯಾವ ದೇಶಕ್ಕಾದರೂ ವಿಮಾನ ಹತ್ತಬಹುದು. ಆ ಹಣ ಕಟ್ಟುವ ಮೊದಲು ಅವರು ತಿಳಿದಿರಬೇಕಾದದ್ದು ಬಹಳ ಇದೆ. ಜಾಹೀರಾತು ಅದನ್ನು ಹೇಳುವುದಿಲ್ಲ. ನಮ್ಮ ಬಿ.ಎಡ್. ಕಾಲೇಜುಗಳೂ ಹೇಳುತ್ತಿಲ್ಲ.

ಮೊದಲು ಸರ್ಟಿಫಿಕೇಟಿನ ವಿಷಯ. ‘ಟೆಫಲ್’ ಎಂಬ ಹೆಸರಿನ ಮೇಲೆ ಯಾರ ಹಕ್ಕೂ ಇಲ್ಲ. ವಿದೇಶಿ ಭಾಷೆಯಾಗಿ ಇಂಗ್ಲಿಷ್ ಕಲಿಸುವುದಕ್ಕೆ ತರಬೇತಿ ಕೊಡುತ್ತೇವೆಂದು ಯಾರು ಬೇಕಾದರೂ ಅಂಗಡಿ ತೆರೆಯಬಹುದು. ಎಲ್ಲರನ್ನೂ ಅಳೆಯುವ ಒಂದೇ ಜಾಗತಿಕ ಮಂಡಳಿ ಇಲ್ಲ. ಆದ್ದರಿಂದ ಕೋರ್ಸು ಆರಿಸುವಾಗ ಒಂದೇ ಪ್ರಶ್ನೆ ಕೇಳಿದರೆ ಸಾಕು: ನಾನು ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡುವುದನ್ನು ಅನುಭವಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆಯೇ? ಇಲ್ಲ ಎಂದಾದರೆ ಅದು ಓದಿಗೆ ಸಿಕ್ಕ ರಸೀದಿ ಮಾತ್ರ.

ಹೌದು ಎನ್ನುವ ಕೋರ್ಸುಗಳಲ್ಲಿ ಎರಡು ಎಲ್ಲ ಕಡೆ ನಡೆಯುತ್ತವೆ. ಒಂದು ಕೇಂಬ್ರಿಜ್‌ನ ಸೆಲ್ಟಾ, ಇನ್ನೊಂದು ಟ್ರಿನಿಟಿ ಕಾಲೇಜ್ ಲಂಡನ್‌ನ ಸರ್ಟ್‌ಟೆಸಾಲ್. ಸೆಲ್ಟಾದ ಬೇರು 1962ರಷ್ಟು ಹಳೆಯದು. ಜಾನ್ ಹೇಕ್ರಾಫ್ಟ್ ಮತ್ತು ಅವರ ಪತ್ನಿ ಬ್ರೀಟಾ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್‌ನಲ್ಲಿ ಆ ವರ್ಷ ಶಿಕ್ಷಕರಿಗಾಗಿ ಒಂದು ಚಿಕ್ಕ ತರಬೇತಿ ಶುರುಮಾಡಿದರು. ಇವತ್ತು ಅದರಲ್ಲಿ ಕನಿಷ್ಠ 120 ಗಂಟೆಯ ತರಗತಿ, ನಾಲ್ಕು ಬರಹದ ಅಸೈನ್‌ಮೆಂಟು, ಆರು ಗಂಟೆ ಪಾಠಾಭ್ಯಾಸ ಇರುತ್ತವೆ. ಆರು ಗಂಟೆ ಏನು ಮಹಾ ಅನ್ನಿಸಬಹುದು. ಆದರೆ ಆ ಆರು ಗಂಟೆಯ ಪ್ರತಿ ನಿಮಿಷಕ್ಕೂ ಲೆಸನ್ ಪ್ಲಾನ್ ಬರೆಯಬೇಕು, ಮುಗಿದೊಡನೆ ಸಹಪಾಠಿಗಳ ಮುಂದೆ ತಪ್ಪುಒಪ್ಪುಗಳ ವಿಚಾರಣೆಗೆ ಕೂರಬೇಕು. ನಮ್ಮಲ್ಲಿ ಚೆನ್ನಾಗಿ ಪಾಠ ಮಾಡುತ್ತಾರೆ ಎಂದರೆ ನಲವತ್ತು ನಿಮಿಷ ನಿರರ್ಗಳವಾಗಿ ಮಾತಾಡುತ್ತಾರೆ ಎಂದೇ ಅರ್ಥ. ಅಲ್ಲಿ ಶಿಕ್ಷಕ ಹೆಚ್ಚು ಮಾತಾಡಿದರೆ ಅಂಕ ಹೋಗುತ್ತದೆ. ಮಾತಾಡಬೇಕಾದವರು ಕಲಿಯುವವರು. ಕರ್ಮಣಿ ಪ್ರಯೋಗದ ನಿಯಮವನ್ನು ಬೋರ್ಡಿನ ಮೇಲೆ ಬರೆದು ಹತ್ತು ಉದಾಹರಣೆ ಕೊಟ್ಟು ಕೂರುವ ಅಭ್ಯಾಸವನ್ನು ಕೋರ್ಸಿನ ನಾಲ್ಕು ವಾರಗಳಲ್ಲಿ ಬಿಡಬೇಕಾಗುತ್ತದೆ. ಬಿಡುವುದು ಸುಲಭವಲ್ಲ, ಒಳ್ಳೆಯ ಶಿಕ್ಷಕರೂ ಮೊದಲ ವಾರ ಕಣ್ಣೀರು ಹಾಕುತ್ತಾರೆ. ಖರ್ಚು ಲಕ್ಷ ದಾಟುತ್ತದೆ, ನಮ್ಮ ಮನೆಗಳಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಸೆಲ್ಟಾಗೆ ಸೇರಿಸಿಕೊಳ್ಳುವಾಗ ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂದು ಪರೀಕ್ಷಿಸುತ್ತಾರೆ, ಯಾವ ದೇಶದವರು ಎಂದು ಕೇಳುವುದಿಲ್ಲ.

ಅದನ್ನು ಕೇಳುವುದು ವೀಸಾ ಕಚೇರಿ.

ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಕೊಡುವುದು ಇ–2 ವೀಸಾ. ಅದು ಏಳು ದೇಶದ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಆ ಏಳರಲ್ಲಿ ಒಂದರ ಪಾಸ್‌ಪೋರ್ಟ್ ಇದ್ದು ಯಾವುದೋ ವಿಷಯದಲ್ಲಿ ಪದವಿ ಇದ್ದರೆ ಒಂದು ದಿನವೂ ಪಾಠ ಮಾಡದವರಿಗೂ ಬಾಗಿಲು ತೆರೆಯುತ್ತದೆ. ಹತ್ತು ವರ್ಷ ಇಂಗ್ಲಿಷ್ ಕಲಿಸಿದ ಧಾರವಾಡದ ಮೇಡಂಗೆ ತೆರೆಯುವುದಿಲ್ಲ. ಚೀನಾದ ನಿಯಮವೂ ಇದೇ ಜಾಡಿನದು. ಭಾಷೆ ಕಲಿಸುವ ವಿದೇಶಿಯರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು ಎನ್ನುತ್ತದೆ. ಹಿಂದೆ ಮನೆಯಿಂದಲೇ ಚೀನಾದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವ ಕೆಲಸ ದಂಡಿಯಾಗಿತ್ತು. 2021ರ ಜುಲೈನಲ್ಲಿ ಬೀಜಿಂಗ್ ಖಾಸಗಿ ಟ್ಯೂಷನ್ ಉದ್ಯಮವನ್ನೇ ಮಟ್ಟಹಾಕಿದ ಮೇಲೆ ಅದೂ ಮುಗಿದುಹೋಯಿತು.

ಇಂಗ್ಲಿಷ್ ಮಾತೃಭಾಷೆಯಾದವರೇ ಅದನ್ನು ಕಲಿಸಬೇಕು ಎಂಬ ಈ ನಂಬಿಕೆ ಎಲ್ಲಿಂದ ಬಂತು? 1961ರಲ್ಲಿ ಉಗಾಂಡದ ಮೆಕರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಸಮ್ಮೇಳನ ನಡೆಯಿತು. ಇಂಗ್ಲಿಷನ್ನು ಹುಟ್ಟಿನಿಂದ ಮಾತಾಡುವವರೇ ಅದರ ಆದರ್ಶ ಶಿಕ್ಷಕರು ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು ಎಂದು ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಅದು ತಪ್ಪು ತಿಳಿವಳಿಕೆ ಎಂದೂ ನೇರವಾಗಿ ಹೇಳಿದರು. ಹಂಗೇರಿಯ ಪೀಟರ್ ಮೆಜೆಶ್ ಎರಡು ವರ್ಷದ ಬಳಿಕ ಇನ್ನೊಂದು ಕಡೆಯಿಂದ ಅದೇ ವಾದಕ್ಕೆ ಬಲ ಕೊಟ್ಟರು. ಇಂಗ್ಲಿಷನ್ನು ಶ್ರಮಪಟ್ಟು ಕಲಿತ ಶಿಕ್ಷಕನಿಗೆ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂಬುದು ಮುಂಚಿತವಾಗಿ ಗೊತ್ತಿರುತ್ತದೆ ಎಂಬುದು ಅವರ ಮಾತಿನ ತಿರುಳು.

ಕನ್ನಡದ ಶಿಕ್ಷಕರ ವಿಷಯದಲ್ಲಿ ಇದು ಎಷ್ಟು ನಿಜ ಎಂದು ನೋಡಿ. ಕೊರಿಯನ್ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬುದರ ಪದಕ್ರಮ ಅಲ್ಲೂ ಹೀಗೆಯೇ, ‘ಗೆ’ ಎಂಬಂಥ ಪ್ರತ್ಯಯವೂ ನಾಮಪದದ ಹಿಂದೆಯೇ ಅಂಟುತ್ತದೆ. ಇಂಗ್ಲಿಷಿನ ‘ಎ’, ‘ದ’ಗಳಿಗೆ ಸಮನಾದದ್ದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಇಂಗ್ಲಿಷಿನ ‘ಎಫ್’ ಧ್ವನಿ ಅವರ ಭಾಷೆಯಲ್ಲಿಲ್ಲ. ನಮ್ಮ ಹಳ್ಳಿಗಳಲ್ಲಿ ಫ್ಯಾನು ‘ಪ್ಯಾನು’ ಆಗುವಂತೆ ಅವರ ಬಾಯಲ್ಲೂ ಆಗುತ್ತದೆ. ಈ ಎಲ್ಲ ಎಡವುಗಲ್ಲುಗಳನ್ನು ತಾನೇ ದಾಟಿಬಂದ ಶಿಕ್ಷಕಿ ಸೋಲ್‌ನ ಹತ್ತು ವರ್ಷದ ಮಗುವಿಗೆ ಕೊಡಬಲ್ಲದ್ದನ್ನು, ಹುಟ್ಟಿದಾಗಿನಿಂದ ಇಂಗ್ಲಿಷ್ ಕೇಳಿಕೊಂಡೇ ಬೆಳೆದ ಇಪ್ಪತ್ತೆರಡರ ಯುವಕ ಕೊಡಬಲ್ಲನೇ?

ನನಗೆ ನಿಜವಾಗಿ ನೋವಾಗುವುದು ಇನ್ನೊಂದು ಕಾರಣಕ್ಕೆ. ಇವತ್ತು ಲಂಡನ್ನಿನಲ್ಲಿ, ಬ್ಯಾಂಕಾಕ್‌ನಲ್ಲಿ, ಎಲ್ಲೇ ಇಂಗ್ಲಿಷ್ ಶಿಕ್ಷಕರ ತರಬೇತಿಗೆ ಸೇರಿದರೂ ‘ಟಾಸ್ಕ್’ ಆಧಾರಿತ ಬೋಧನೆಯ ಪಾಠ ಬಂದೇ ಬರುತ್ತದೆ. ಅದರ ಚರಿತ್ರೆ ಹೇಳುವಾಗ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂಬ ಹೆಸರು ಹೇಳುತ್ತಾರೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಮತ್ತು ಅವರ ಜೊತೆಗಿದ್ದ ಶಿಕ್ಷಕರು ಬೆಂಗಳೂರು, ಮದ್ರಾಸು, ಕಡಲೂರು ಮೊದಲಾದ ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಭು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು; ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಅವರಿಗೆ ನೆಲೆಯಾಯಿತು. ಮಕ್ಕಳಿಗೆ ವ್ಯಾಕರಣವನ್ನು ಎದುರಿಗಿಟ್ಟು ಕಲಿಸುವುದನ್ನೇ ಅವರು ಕೈಬಿಟ್ಟರು. ರೈಲಿನ ವೇಳಾಪಟ್ಟಿ ಕೊಟ್ಟು ಇಷ್ಟು ಹೊತ್ತಿಗೆ ಹೊರಟರೆ ಯಾವ ಗಾಡಿ ಸಿಗುತ್ತದೆ ಎಂದು ಕೇಳುವುದು, ನಕ್ಷೆ ಕೊಟ್ಟು ದಾರಿ ಹುಡುಕಿಸುವುದು, ಹೀಗೆ ತಲೆ ಕೆಲಸ ಮಾಡಬೇಕಾದ ಲೆಕ್ಕಗಳು. ಮನಸ್ಸು ಅರ್ಥದ ಹಿಂದೆ ಬಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಪ್ರಯೋಗವನ್ನು ಹೊರಗಿನ ವಿದ್ವಾಂಸರು ಅಳೆದು ನೋಡಿದರು, ಟೀಕೆಗಳೂ ಬಂದವು, 1987ರಲ್ಲಿ ಪ್ರಭು ಅವರ ಪುಸ್ತಕ ಹೊರಬಂತು. ನಲವತ್ತು, ಐವತ್ತು ಮಕ್ಕಳು ಒತ್ತಿಕೊಂಡು ಕೂತ ನಮ್ಮ ಸಾಮಾನ್ಯ ತರಗತಿಗಳಲ್ಲಿ ಮಾಡಿ ನೋಡಿದ ಕ್ರಮ ಅದು. ಆ ಕ್ರಮವನ್ನು ಸೋಲ್‌ನ ಶಾಲೆ ತನ್ನದಾಗಿಸಿಕೊಳ್ಳಬಹುದು, ಬೆಂಗಳೂರಿನ ಶಿಕ್ಷಕಿಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎನ್ನುವುದನ್ನು ನಾವು ಸುಮ್ಮನೆ ಒಪ್ಪಿಕೊಂಡು ಕೂರಬಾರದು.

ಪೂರ್ತಿ ಬಿಟ್ಟುಕೊಳ್ಳುವುದಿಲ್ಲ ಎನ್ನುವುದೂ ಸರಿಯಲ್ಲ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಸಹಭಾಗಿತ್ವ ಒಪ್ಪಂದದಲ್ಲಿ ಒಂದು ಕಿಂಡಿ ಇದೆ. ಪದವಿ ಮತ್ತು ಇಂಗ್ಲಿಷ್ ಬೋಧನೆಯ ಶಿಕ್ಷಕ ಅರ್ಹತೆ ಇರುವ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ಅಂದರೆ ಅಮೆರಿಕದವನಿಗೆ ಬೇಕಿಲ್ಲದ ಬಿ.ಎಡ್. ನಮ್ಮವರಿಗೆ ಕಡ್ಡಾಯ. ಅನ್ಯಾಯ ಇದ್ದೇ ಇದೆ, ಆದರೂ ಬಾಗಿಲು ಬಾಗಿಲೇ. ನಾನು ಮಾತಾಡಿಸಿದ ಬಿ.ಎಡ್. ಪದವೀಧರರಲ್ಲಿ ಈ ಕಲಮಿನ ಸುದ್ದಿ ಕೇಳಿದವರು ಒಬ್ಬರೂ ಇರಲಿಲ್ಲ.

ಜಪಾನಿನ ಕಾನೂನು ಇದಕ್ಕಿಂತ ನ್ಯಾಯವಾದದ್ದು. ಶಾಲೆಗಳಲ್ಲಿ ಭಾಷೆ ಕಲಿಸುವವರು ಆ ಭಾಷೆಯ ಮಾಧ್ಯಮದಲ್ಲಿ ಹನ್ನೆರಡು ವರ್ಷ ಓದಿರಬೇಕು ಎಂದು ಕೇಳುತ್ತದೆ. ಫಿಲಿಪ್ಪೀನ್ಸ್‌ನ ಶಿಕ್ಷಕರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಆಮೇಲೆ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರು ಮಾತ್ರ ವರ್ಷಗಳ ಲೆಕ್ಕವನ್ನು ದಾಖಲೆಯೊಂದಿಗೆ ತೋರಿಸಬೇಕಾಗುತ್ತದೆ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಎಣಿಸಿಕೊಳ್ಳಿ. ವಿಯೆಟ್ನಾಂನಲ್ಲಿ ಪದವಿ, ಬೋಧನೆಯ ಸರ್ಟಿಫಿಕೇಟು, ಪೊಲೀಸ್ ದೃಢೀಕರಣ, ವರ್ಕ್ ಪರ್ಮಿಟ್ ಬೇಕು. ಥಾಯ್ಲೆಂಡಿನಲ್ಲಿ ಅವುಗಳ ಜೊತೆಗೆ ಅಲ್ಲಿನ ಶಿಕ್ಷಕರ ಮಂಡಳಿಯ ಪರವಾನಗಿಯ ವಿಷಯ ಬರುತ್ತದೆ, ನಮ್ಮಂಥವರಿಂದ ಟೋಯಿಕ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ. ಅಲ್ಲಿ ಒಂದೇ ಕೆಲಸಕ್ಕೆ ಬಿಳಿಯರಿಗೊಂದು ಸಂಬಳ, ಏಷ್ಯಾದವರಿಗೊಂದು ಸಂಬಳ ಕೊಡುವ ಶಾಲೆಗಳಿವೆ. ಕರಾರಿಗೆ ಸಹಿ ಹಾಕುವ ಮುಂಚೆ ಅದೇ ಹುದ್ದೆಯ ಇತರರಿಗೆ ಎಷ್ಟು ಕೊಡುತ್ತಾರೆಂದು ಕೇಳುವುದಕ್ಕೆ ಸಂಕೋಚ ಬೇಡ.

ಸದ್ಯಕ್ಕೆ ನಮ್ಮವರಿಗೆ ದೊಡ್ಡ ಬಾಗಿಲು ಇರುವುದು ಕೊಲ್ಲಿ ದೇಶಗಳಲ್ಲಿ ಮತ್ತು ಮಾಲ್ದೀವ್ಸ್‌ನಲ್ಲಿ. ಅಲ್ಲಿನ ಶಾಲೆಗಳಲ್ಲಿ ಬಿ.ಎಡ್.ಗೆ ಬೆಲೆ ಇದೆ, ಟೆಫಲ್ ಹೆಸರನ್ನು ಯಾರೂ ಎತ್ತುವುದಿಲ್ಲ. ಈ ದಾರಿ ಹೊಸದೂ ಅಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದ ಇಥಿಯೋಪಿಯಾದ ಶಾಲೆಗಳಲ್ಲಿ, ಭೂತಾನದ ಮೊದಮೊದಲ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವರಲ್ಲಿ ಕೇರಳದ ಶಿಕ್ಷಕರು ಬಹಳ ಮಂದಿ ಇದ್ದರು. ಭಾರತೀಯರ ಇಂಗ್ಲಿಷ್ ಒಂದು ದೇಶದ ಮಕ್ಕಳನ್ನು ಓದಿಸಲು ಸಾಲುತ್ತದೆಯೇ ಎಂಬ ಪ್ರಶ್ನೆಗೆ ಆ ಎರಡು ದೇಶಗಳ ಒಂದು ಪೀಳಿಗೆ ಉತ್ತರವಾಗಿ ನಿಂತಿದೆ.

ಕಾಗದಪತ್ರದ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲಸ ಸಿಕ್ಕ ಮೇಲೆ ನೋಡೋಣ ಎನ್ನಬೇಡಿ. ಪದವಿ ಪತ್ರಕ್ಕೆ ಮೊದಲು ರಾಜ್ಯದ ಮೊಹರು, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯದ ಮೊಹರು. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದರಿಂದ ಕೊರಿಯಾ, ಜಪಾನಿನಂಥ ದೇಶಗಳಿಗೆ ಅಷ್ಟೇ ಸಾಕು. ಯುಎಇಯಂಥ ದೇಶಕ್ಕೆ ರಾಯಭಾರ ಕಚೇರಿಯ ಅಟೆಸ್ಟೇಷನ್ನೂ ಆಗಬೇಕು. ಟೂರಿಸ್ಟ್ ವೀಸಾದಲ್ಲಿ ಬನ್ನಿ, ವರ್ಕ್ ಪರ್ಮಿಟ್ ಆಮೇಲೆ ಮಾಡಿಸುತ್ತೇವೆ ಎಂದವರನ್ನು ಅಲ್ಲಿಗೇ ಬಿಡಿ. ಥಾಯ್ಲೆಂಡಿನಲ್ಲಿ ಕೆಲಸ ಎಂದು ನಂಬಿಸಿ ಮ್ಯಾನ್ಮಾರ್ ಗಡಿಯಾಚೆಯ ಸೈಬರ್ ವಂಚನೆಯ ಅಡ್ಡೆಗಳಿಗೆ ನಮ್ಮ ಯುವಕರನ್ನು ಸಾಗಿಸಿದ ಪ್ರಕರಣಗಳ ಬಗ್ಗೆ ಕೇಂದ್ರ ಸರ್ಕಾರವೇ 2022ರಿಂದ ಎಚ್ಚರಿಸುತ್ತ ಬಂದಿದೆ. ನೋಂದಾಯಿತ ಏಜೆಂಟರ ಹೆಸರುಗಳು ಸರ್ಕಾರದ ಇ–ಮೈಗ್ರೇಟ್ ತಾಣದಲ್ಲಿವೆ. ಅವರು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ತೆರಿಗೆಯ ಮಿತಿ ಇದೆ. ಎರಡು ಲಕ್ಷ ಕೇಳುವವನು ಕಾನೂನು ಮುರಿಯುತ್ತಿದ್ದಾನೆ ಎಂದು ತಂದೆತಾಯಿಗಳೂ ತಿಳಿದಿರಬೇಕು.

ಇಷ್ಟೆಲ್ಲ ಹೊರೆಯನ್ನು ಇಪ್ಪತ್ತೈದರ ಹುಡುಗಿಯೊಬ್ಬಳ ಹೆಗಲಿಗೇ ಬಿಡುವುದು ತಪ್ಪು. ದಕ್ಷಿಣದ ರಾಜ್ಯಗಳಿಗಾಗಿ 1963ರಲ್ಲಿ ಹುಟ್ಟಿದ ಇಂಗ್ಲಿಷ್ ಶಿಕ್ಷಕರ ತರಬೇತಿ ಸಂಸ್ಥೆ ಇವತ್ತಿಗೂ ಬೆಂಗಳೂರಿನ ಜ್ಞಾನಭಾರತಿಯಲ್ಲಿದೆ, ಪ್ರಭು ಅವರ ಪ್ರಯೋಗಕ್ಕೆ ನೆಲೆಯಾಗಿದ್ದೂ ಅದೇ. ಪಾಠವನ್ನು ಕೂತು ನೋಡಿ ತಿದ್ದುವ, ಲಕ್ಷ ರೂಪಾಯಿ ಬೇಡದ, ಹೊರದೇಶದವರೂ ಮಾನ್ಯ ಮಾಡುವಂಥ ಒಂದು ಸರ್ಟಿಫಿಕೇಟ್ ಕೋರ್ಸನ್ನು ಅಲ್ಲಿ ಏಕೆ ಕಟ್ಟಬಾರದು? ಕೊರಿಯಾ ಜೊತೆಗಿನ ಒಪ್ಪಂದವನ್ನು ಮೇಲ್ದರ್ಜೆಗೇರಿಸುವ ಮಾತುಕತೆ 2016ರಿಂದ ಎಳೆಯುತ್ತ ಬಂದಿದೆ. ಉಕ್ಕು, ಕಾರು, ಸುಂಕಗಳ ಬಗ್ಗೆ ದೆಹಲಿಯಲ್ಲಿ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಇಂಗ್ಲಿಷ್ ಶಿಕ್ಷಕರ ಕಲಮಿನಿಂದ ‘ಸಹಾಯಕ’ ಎಂಬ ಮಾತನ್ನು ತೆಗೆಯಿರಿ, ಅರ್ಹತೆ ಇರುವವರನ್ನು ಉಳಿದ ಏಳು ದೇಶದವರ ಸಮಕ್ಕೆ ನಿಲ್ಲಿಸಿ ಎಂದು ನಮ್ಮ ಸಂಸದರು ಆ ಮೇಜಿನ ಮುಂದೆ ಒಮ್ಮೆಯಾದರೂ ಕೇಳಬೇಕು.