ಹುಡುಕಿಕೊಡುವವರಿಗೆ ಬಾಗಿಲು ತೆರೆಯಲಿ

ಮನೆತನದ ಹಳೆಯ ದಾಖಲೆ ಹುಡುಕಹೊರಟವರಿಗೆ ಎಷ್ಟೋ ಸಲ ತೊಡಕಾಗುವುದು ದಾಖಲೆ ಇಲ್ಲದಿರುವುದಲ್ಲ, ಅದು ಇರುವ ಊರಿನಲ್ಲಿ ತಾವು ಇಲ್ಲದಿರುವುದು. ಹತ್ತೊಂಬತ್ತನೇ ಶತಮಾನದಲ್ಲಿ ಬೆಂಗಳೂರು ದಂಡಿನ ಚರ್ಚೊಂದರಲ್ಲಿ ದೀಕ್ಷಾಸ್ನಾನವಾದ ಮಗುವಿನ ವಿವರ ಬೇಕು ಎಂದಿಟ್ಟುಕೊಳ್ಳಿ. ದಂಡಿನ ಚರ್ಚುಗಳ ನಕಲುಗಳು ಮದ್ರಾಸ್ ಪ್ರಾಂತ್ಯದ ಲೆಕ್ಕಕ್ಕೆ ಸೇರಿ ಲಂಡನ್ನಿಗೆ ಹೋದವು; ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತಲ್ಲ ಎಂದು ಮೈಸೂರಿನ ಕಡತಗಳನ್ನು ಕೆದಕಿದರೆ ದಿನ ಹೋಗುತ್ತದೆ ಅಷ್ಟೆ. ಇದನ್ನು ಬಲ್ಲವರು ಒಬ್ಬರು ನಡುವೆ ಬೇಕು. 1998ರಲ್ಲಿ ಹುಟ್ಟಿದ ‘ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ’ಯ ಸ್ವಯಂಸೇವಕರು ಇಂಥ ದಾಖಲೆಗಳ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟು ದೂರದವರಿಗೆ ದಾರಿ ತೋರಿಸುತ್ತಿದ್ದಾರೆ. ನಮ್ಮ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಿಗೂ ಇಂಥ ಸ್ವಯಂಸೇವಕರು ಬೇಕು, ಸರ್ಕಾರವೇ ಅವರನ್ನು ಒಳಗೆ ಕರೆಯಬೇಕು ಎಂಬುದು ನನ್ನ ವಾದ.

ಪರರಿಗಾಗಿ ಹುಡುಕಿಕೊಡುವುದು ಬಿಡುವಿದ್ದವರ ಹವ್ಯಾಸ ಎಂದು ತಳ್ಳಿಹಾಕುವವರು ಐರ್ಲೆಂಡಿನ ಕಥೆ ಕೇಳಬೇಕು. 1908ರ ಕಾಯ್ದೆಯಂತೆ ಅಲ್ಲಿ ಎಪ್ಪತ್ತು ತುಂಬಿದ ಬಡವರಿಗೆ ಪಿಂಚಣಿ ಬಂತು. ಆದರೆ ಅಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಮುದುಕರಿಗೆ ವಯಸ್ಸಿನ ಪುರಾವೆ ಎಲ್ಲಿಂದ ಬರಬೇಕು? ದಾಖಲೆ ಕಚೇರಿಯವರು 1841 ಮತ್ತು 1851ರ ಜನಗಣತಿಯ ಹಾಳೆಗಳನ್ನು ತಿರುವಿ, ಅರ್ಜಿದಾರರ ಅಪ್ಪ ಅಮ್ಮ, ಹಳ್ಳಿ, ಆಗಿನ ವಯಸ್ಸು ನೋಡಿ ಒಂದು ನಮೂನೆಯಲ್ಲಿ ಬರೆದುಕೊಟ್ಟರು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಆ ದಾಖಲೆ ಕಚೇರಿ ಸುಟ್ಟುಹೋಯಿತು, ಆ ಜನಗಣತಿಯ ಬಹುಪಾಲು ಬೂದಿಯಾಯಿತು. ಹುಡುಕಿ ಬರೆದಿಟ್ಟ ನಮೂನೆಗಳು ಉಳಿದವು. ಇಂದು ಎಷ್ಟೋ ಐರಿಷ್ ಮನೆತನಗಳಿಗೆ ತಮ್ಮವರ ಹೆಸರು ಸಿಗುವುದು ಯಾರೋ ಒಬ್ಬ ಮುದುಕಿಯ ಪಿಂಚಣಿಗಾಗಿ ಹುಡುಕಿದ ಆ ಹಾಳೆಗಳಲ್ಲೇ. ಅವರು ಸಂಬಳದ ನೌಕರರು, ಹೌದು. ಆದರೆ ಮೂಲ ಕಡತಕ್ಕೂ ಬಾರದ ಆಯುಸ್ಸು ಹುಡುಕಿ ಬರೆದ ಪ್ರತಿಗೆ ಬಂತು ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಕಾನೂನು ಅಡ್ಡ ಬರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ನಮೂದೊಂದನ್ನು ಹುಡುಕಿಸಬಹುದು. ಕಷ್ಟ ಇರುವುದು ಹುಡುಕುವ ಕೆಲಸದಲ್ಲೇ. ಅಜ್ಜಿ ಹುಟ್ಟಿದ್ದು ‘ಪ್ಲೇಗು ಬಂದ ಮಾರನೇ ವರ್ಷ’ ಎಂದಷ್ಟೇ ಮನೆಯವರಿಗೆ ಗೊತ್ತಿದ್ದರೆ ನಾಲ್ಕೈದು ವರ್ಷದ ಪುಸ್ತಕಗಳನ್ನು ತಿರುವಬೇಕು. ನಾಮಕರಣಕ್ಕೆ ಮೊದಲೇ ಬರೆಸಿದ್ದರಿಂದ ಮಗುವಿನ ಹೆಸರಿನ ಕಲಮು ಖಾಲಿ ಇರುತ್ತದೆ. ಅಪ್ಪನ ಹೆಸರು ಒಂದೆಡೆ ವೀರಪ್ಪ, ಇನ್ನೊಂದೆಡೆ ಈರಪ್ಪ. ಅಲ್ಲಿ ಸಿಗದಿದ್ದರೆ ಕೈಬರಹದ ಪಹಣಿ, ಪೌತಿ ಖಾತೆಯ ಕಾಗದ ನೋಡಬೇಕು, ಯಾರ ನಂತರ ಜಮೀನು ಯಾರ ಹೆಸರಿಗೆ ಬಂತು ಎಂಬುದರಿಂದ ಸಂಬಂಧ ಬಿಡಿಸಬೇಕು. ನಿತ್ಯದ ಅರ್ಜಿಗಳಲ್ಲೇ ಮುಳುಗಿದ ಗುಮಾಸ್ತರಿಂದ ಇಷ್ಟು ತಾಳ್ಮೆ ನಿರೀಕ್ಷಿಸುವುದು ನ್ಯಾಯವಲ್ಲ. ಉತ್ತರ ಕರ್ನಾಟಕದಲ್ಲಿ ಎತ್ತಿನೊಂದಿಗೆ ಊರೂರು ತಿರುಗಿ ವಂಶಾವಳಿ ಓದುವ ಹೆಳವರಿಗೆ ಈ ತಾಳ್ಮೆ ಕುಲವೃತ್ತಿಯಿಂದ ಬಂದದ್ದು. ಸರ್ಕಾರಿ ಕಡತಕ್ಕೆ ಅಂಥವರು ಯಾರೂ ಇಲ್ಲ.

ಎಲ್ಲವನ್ನೂ ಸ್ಕ್ಯಾನ್ ಮಾಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಮಾಡಲಿ, ಬೇಗ ಮಾಡಲಿ. ಆದರೆ ಸ್ಕ್ಯಾನ್ ಆದ ಹಾಳೆ ಹೆಸರಿನ ಸೂಚಿ ಇಲ್ಲದಿದ್ದರೆ ಪರದೆಯ ಮೇಲಿನ ಚಿತ್ರ ಮಾತ್ರ. ಇಂಗ್ಲೆಂಡಿನಲ್ಲಿ 1837ರಿಂದ ಇರುವ ಜನನ, ವಿವಾಹ, ಮರಣ ಸೂಚಿಗಳನ್ನು ‘ಫ್ರೀಬಿಎಂಡಿ’ಯ ಸ್ವಯಂಸೇವಕರು ಕೈಯಾರೆ ಟೈಪು ಮಾಡಿದ ಮೇಲೆಯೇ ಜನ ಮನೆಯಲ್ಲೇ ಕೂತು ಪುಕ್ಕಟೆ ಹುಡುಕುವಂತಾಯಿತು. ಖಾಸಗಿತನದ ಆಕ್ಷೇಪ ಇದಕ್ಕಿಂತ ತೂಕದ್ದು, ನಮ್ಮಲ್ಲಿ ಇನ್ನೂ ಹೆಚ್ಚು: ಹಳೆಯ ಕಡತದಲ್ಲಿ ಜಾತಿ ಇದೆ, ದತ್ತಕದ ಗುಟ್ಟಿದೆ, ಆಸ್ತಿ ಜಗಳಕ್ಕೆ ಕಿಡಿಯಾಗುವ ಹೆಸರುಗಳಿವೆ. ಬದುಕಿರುವವರ ವಿವರ ಕೊಡಕೂಡದು, ಕೇಳಿದವರು ಯಾರು, ಕೊಟ್ಟವರು ಯಾರು ಎಂಬುದು ಪುಸ್ತಕದಲ್ಲಿ ದಾಖಲಾಗಬೇಕು ಎಂಬ ನಿಯಮ ಬೇಕೇ ಬೇಕು. ಈಗ ಕಚೇರಿಯ ಹೊರಗೆ ಕೂತ ದಲ್ಲಾಳಿಗೆ ಯಾವ ನಿಯಮವೂ ಇಲ್ಲ. ಗುರುತಿನ ಚೀಟಿ ಹಾಕಿಕೊಂಡ ಸ್ವಯಂಸೇವಕನಿಗೆ ಇರುತ್ತದೆ. ತಪ್ಪು ಓದುವ ಭಯಕ್ಕೆ ಉತ್ತರ ಸರಳ: ಓದಿದ್ದರ ಜೊತೆಗೆ ಹಾಳೆಯ ಫೋಟೊ, ಪುಟದ ಸಂಖ್ಯೆ ಕೊಡುವುದು.

ಅಮೆರಿಕದಲ್ಲಿ 1999ರಲ್ಲಿ ಶುರುವಾದ ‘ರ‍್ಯಾಂಡಮ್ ಆಕ್ಟ್ಸ್ ಆಫ್ ಜೀನಿಯಾಲಾಜಿಕಲ್ ಕೈಂಡ್‌ನೆಸ್’ ಎಂಬ ವ್ಯವಸ್ಥೆಯಲ್ಲಿ ಒಬ್ಬೊಬ್ಬರೂ ತಮ್ಮ ಊರಿನ ಕಚೇರಿಗೋ ಸ್ಮಶಾನಕ್ಕೋ ತಿಂಗಳಿಗೊಂದು ಸಲ ಪರರಿಗಾಗಿ ಹೋಗಿಬರಲು ಒಪ್ಪಿಕೊಳ್ಳುತ್ತಿದ್ದರು. ನಕಲು, ಅಂಚೆಯ ಖರ್ಚು ಬಿಟ್ಟರೆ ಬೇರೇನೂ ಕೇಳುವಂತಿರಲಿಲ್ಲ. ಅದನ್ನು ನಡೆಸುತ್ತಿದ್ದ ಬ್ರಿಜೆಟ್ ಶ್ನೈಡರ್ 2011ರಲ್ಲಿ ತೀರಿಕೊಂಡರು, ವ್ಯವಸ್ಥೆಯೂ ನಿಂತಿತು. ಒಬ್ಬರ ಮನೆಯ ಮೇಲೆ ನಿಂತ ಕೆಲಸಕ್ಕೆ ಆ ಅಪಾಯ ಇದ್ದದ್ದೇ. ಅದಕ್ಕೇ ನಮ್ಮಲ್ಲಿ ಇದು ಕಚೇರಿಯೊಳಗೇ ಬೇರೂರಬೇಕು. ಮುಂಬೈ ಕರ್ನಾಟಕದ ಹಳೆಯ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ, ಅದನ್ನು ಓದಬಲ್ಲವರು ಈಗ ವಿರಳ. ಧಾರವಾಡ, ಬೆಳಗಾವಿ, ವಿಜಯಪುರದ ಜಿಲ್ಲಾಧಿಕಾರಿಗಳು ಮೊದಲು ಅವರನ್ನು ಕರೆದು, ವಾರಕ್ಕೊಂದು ದಿನ ರೆಕಾರ್ಡ್ ರೂಮಿನಲ್ಲಿ ಒಂದು ಮೇಜು, ಒಳ್ಳೆಯ ದೀಪ, ಪಕ್ಕದಲ್ಲಿ ಕಲಿಯಲು ಇಬ್ಬರು ಹುಡುಗರನ್ನು ಕೊಡಲಿ.