ಸರ್ಚ್ ಮಾಡಿದ್ರೆ ಸಿಗುತ್ತೆ ಬಿಡು!

ಹೋದ ವರ್ಷ ಮಳೆಗಾಲ ಹಿಡಿಯೋ ಹೊತ್ತಿಗೆ ಅಜ್ಜ ಹೋದರು. ತೊಂಬತ್ತೊಂದು ವರ್ಷ. ಹಿಂದಿನ ಸಂಜೆವರೆಗೂ ತೋಟಕ್ಕೆ ಹೋಗಿ ಬಂದಿದ್ದ ಜೀವ, ಆ ಲೆಕ್ಕದಲ್ಲಿ ಪುಣ್ಯದ ಸಾವು. ಮೂರು ದಿನ ಊರಲ್ಲಿದ್ದು ನಾನು ಬೆಂಗಳೂರಿಗೆ ವಾಪಸ್ ಬಂದಿದ್ದೆ. ಒಂಬತ್ತನೇ ದಿನ ಬೆಳಿಗ್ಗೆ ಅಮ್ಮನ ಫೋನ್. "ವೈಕುಂಠ ಸಮಾರಾಧನೆಗೆ ಇಡಕ್ಕೆ ಅಪ್ಪಯ್ಯಂದು ಒಂದು ಫೋಟೋ ದೊಡ್ಡದು ಮಾಡ್ಸಣ ಅಂತ ಕಣೋ. ನಿನ್ನ ಫೋನಲ್ಲಿ ಬೇಕಾದಷ್ಟು ಇದ್ಯಲ್ಲ, ಒಂದು ಒಳ್ಳೇದು ನೋಡಿ ಕಳ್ಸು."

ಬೇಕಾದಷ್ಟು ಇತ್ತು. ಸರಿಯಾಗಿ ಹೇಳಬೇಕು ಅಂದ್ರೆ ಅವತ್ತಿಗೆ 31,412, ಫೋಟೋ ವಿಡಿಯೋ ಎಲ್ಲ ಸೇರಿ. ಅಜ್ಜನ ಮುಖ ಒತ್ತಿದರೆ ಅದರಲ್ಲಿ 212 ಬಂದವು. ಎರಡು ನಿಮಿಷದ ಕೆಲಸ ಅಂದ್ಕೊಂಡು ಆಫೀಸ್ ಕ್ಯಾಬಲ್ಲಿ ಕೂತು ನೋಡಕ್ಕೆ ಶುರು ಮಾಡಿದೆ. ಸೆಲ್ಫಿಯಲ್ಲಿ ನನ್ನ ಕಿವಿ ಹಿಂದೆ ಅಜ್ಜನ ಹಣೆ. ಮದುವೆಮನೆ ಪಂಕ್ತಿಯಲ್ಲಿ ಎಲೆ ಮೇಲೆ ಬಗ್ಗಿದ ಅಜ್ಜ. ಗ್ರೂಪ್ ಫೋಟೋದ ತುದಿಯಲ್ಲಿ, ಅರ್ಧ ಕಣ್ಣು ಮುಚ್ಚಿದ ಅಜ್ಜ. ಅದೇ ಗ್ರೂಪ್ ಫೋಟೋ ಇನ್ನೂ ಹದಿನಾಲ್ಕು ಸಲ, ಹದಿನಾಲ್ಕರಲ್ಲೂ ಅರ್ಧ ಕಣ್ಣು. ಕೊನೆಗೆ ಒಂದು ಸಿಕ್ತು. 2018ರದ್ದು, ಜಗಲಿ ಮೇಲೆ ಕಂಬಕ್ಕೆ ಒರಗಿ ಕೂತು ನಗ್ತಾ ಇರೋದು. ನಾನೇ ತೆಗೆದದ್ದು. ಆದರೆ ನನ್ನ ಹತ್ರ ಇದ್ದದ್ದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರ ಪ್ರತಿ. ಒರಿಜಿನಲ್ ಯಾವ ಫೋನಲ್ಲಿತ್ತೋ ಅದನ್ನ ಎಕ್ಸ್‌ಚೇಂಜಿಗೆ ಕೊಟ್ಟು ನಾಲ್ಕು ವರ್ಷ ಆಗಿತ್ತು. "ಎಲ್ಲ ಬ್ಯಾಕಪ್ ಆಗಿದೆ" ಅಂತ ನಾನೇ ನನಗೆ ಹೇಳಿಕೊಂಡು ಕೊಟ್ಟಿದ್ದು. ನೋಡಿರಲಿಲ್ಲ.

ಪೇಟೆಯ ಸ್ಟುಡಿಯೋದವರಿಗೆ ಅದನ್ನೇ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ: "ಇದು 12-18ಕ್ಕೆ ಒಡೆಯುತ್ತೆ ಸಾರ್. ಒರಿಜಿನಲ್ ಇಲ್ವಾ?"

ಅವರದ್ದು ಸರಿ. ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತೆ. ಅದನ್ನ 18 ಇಂಚಿಗೆ ಎಳೆದರೆ ಇಂಚಿಗೆ ತೊಂಬತ್ತು ಚುಕ್ಕೆನೂ ಬರಲ್ಲ. ಒಳ್ಳೆ ಪ್ರಿಂಟಿಗೆ ಇಂಚಿಗೆ 300 ಬೇಕು ಅಂತಾರೆ. ಫೋನಿನ ಪರದೆ ಮೇಲೆ ಅಜ್ಜ ಚೆನ್ನಾಗೇ ನಗ್ತಿದ್ದರು. ಗೋಡೆ ಮೇಲೆ ನಗೋವಷ್ಟು ಅಜ್ಜ ಆ ಫೈಲಲ್ಲಿ ಇರಲಿಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ವಾಪಸ್ ಬಂದು ಆಫೀಸಲ್ಲಿ ಊಟದ ಟೇಬಲಲ್ಲಿ ಹೇಳಿದಾಗ ಪಕ್ಕದವನು ಬಾಯಲ್ಲಿ ಚಪಾತಿ ಇಟ್ಕೊಂಡೇ ಹೇಳಿದ: "ಈಗ ಯಾರು ಗುರು ಫೋಟೋ ಎಲ್ಲ ಆರ್ಗನೈಸ್ ಮಾಡ್ತಾರೆ? ಎಲ್ಲ ಇಟ್ಕೋ. ಬೇಕಾದಾಗ ಸರ್ಚ್ ಮಾಡಿದ್ರೆ ಸಿಗುತ್ತೆ ಬಿಡು." ಟೇಬಲಲ್ಲಿದ್ದ ಐದು ಜನರೂ ತಲೆ ಆಡಿಸಿದರು. ಒಂದು ವರ್ಷದ ಹಿಂದೆ ಆಗಿದ್ರೆ ನಾನೂ ಆಡಿಸ್ತಿದ್ದೆ.

ಸರ್ಚ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಸಮುದ್ರ, ನಾಯಿ, ಸೀರೆ, ಗೋಕರ್ಣ ಅಂತ ಹುಡುಕಿದ್ರೆ ಅದು ಕೊಡೋದು ನೋಡಿದ್ರೆ ಈಗಲೂ ಸೋಜಿಗ ಆಗುತ್ತೆ. ಆದರೆ ಅದು ಇದ್ದದ್ದನ್ನ ಹೆಕ್ಕಿ ಕೊಡುತ್ತೆ, ಅಷ್ಟೇ. ಒಳ್ಳೇದು ಯಾವುದು ಅಂತ ಅದಕ್ಕೆ ಗೊತ್ತಿಲ್ಲ, ಇಲ್ಲದ್ದನ್ನ ಇಲ್ಲ ಅಂತ ಮುಂಚೆಯೇ ಹೇಳೋದೂ ಇಲ್ಲ. 212 ಸಿಕ್ಕಿದವಲ್ಲ, ಹುಡುಕೋದ್ರಲ್ಲಿ ತಪ್ಪಾಗಲಿಲ್ಲ. ಏಳು ವರ್ಷದಲ್ಲಿ ಒಂದು ಸಲವೂ ಕೂತು "ಇದು ಇರಲಿ, ಇದು ಬೇಡ, ಇದರ ಒರಿಜಿನಲ್ ಎಲ್ಲಿದೆ" ಅಂತ ನೋಡದೇ ಇದ್ದದ್ದು ತಪ್ಪು. ಆ ಕೆಲಸವನ್ನ ಸಾವಿನ ಮನೆಯ ಒಂಬತ್ತನೇ ದಿನಕ್ಕೆ ಮುಂದೂಡಿದ್ದೆ.

ಈ ಚಟ ನಮಗೆ ಹತ್ತಿದ್ದು ಹೇಗೆ ಅಂತಲೂ ನೋಡಿ. 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ ಕ್ವಾಲಿಟಿ ಸ್ವಲ್ಪ ಇಳಿಸಿಕೊಂಡ್ರೆ ಎಷ್ಟು ಬೇಕಾದ್ರೂ ಪುಕ್ಕಟೆ ಇಡಬಹುದಿತ್ತು. ಆರು ವರ್ಷ ನಾವು ಯೋಚನೆಯೇ ಇಲ್ಲದೆ ತುಂಬಿದೆವು. 2021ರ ಜೂನ್ 1ರಿಂದ ಅದು ನಿಂತು, ಹೊಸ ಫೋಟೋಗಳೆಲ್ಲ 15 ಜಿಬಿ ಲೆಕ್ಕಕ್ಕೆ ಬಂದವು. ಆ 15ರಲ್ಲೇ ಜಿಮೇಲ್, ಅದರಲ್ಲೇ ಡ್ರೈವ್. ಐಫೋನಿನವರಿಗೆ ಐಕ್ಲೌಡ್ ಪುಕ್ಕಟೆ ಕೊಡೋದು ಮೊದಲಿಂದಲೂ 5 ಜಿಬಿ. ತುಂಬಿದಾಗ ಕೆಂಪು ಗೆರೆ ಬರುತ್ತೆ, ನಾವು ತಿಂಗಳಿಗೆ ಒಂದು ಮಸಾಲೆದೋಸೆ ದುಡ್ಡು ಕೊಟ್ಟು ಗೆರೆ ಹಿಂದಕ್ಕೆ ತಳ್ತೀವಿ. ದುಡ್ಡಿನ ಬಗ್ಗೆ ನನ್ನ ತಕರಾರಿಲ್ಲ, ನಾನೂ ಕೊಡ್ತೀನಿ. ಆದರೆ ಅದನ್ನ 'ನೆನಪುಗಳನ್ನ ಕಾಪಾಡೋದು' ಅಂತ ಕರೀಬೇಡಿ. ಅಟ್ಟ ತುಂಬಿತು ಅಂತ ಇನ್ನೊಂದು ಅಟ್ಟ ಬಾಡಿಗೆಗೆ ಹಿಡಿಯೋದು ಅದು.

ಆ ಅಟ್ಟದಲ್ಲಿ ಏನಿದೆ? ಪ್ರಾಮಾಣಿಕವಾಗಿ ಹೇಳ್ತೀನಿ. ಮಾಲಿನ ಪಾರ್ಕಿಂಗ್ ಕಂಬದ ನಂಬರ್, ಬಿ2, ಹಸಿರು ಬಣ್ಣ. ಯುಪಿಐ ಸ್ಕ್ರೀನ್‌ಶಾಟ್ ಸಾವಿರಗಟ್ಟಲೆ. ಎರಡು ಕಂಪನಿ ಹಿಂದಿನ ವೈಟ್‌ಬೋರ್ಡ್; ಆ ಪ್ರಾಜೆಕ್ಟೂ ಇಲ್ಲ, ಬರೆದ ಮ್ಯಾನೇಜರೂ ಅಲ್ಲಿಲ್ಲ. ಬಾಡಿಗೆ ಮನೆಯ ಕರೆಂಟ್ ಮೀಟರ್. ಸೋದರತ್ತೆ ಕಳಿಸಿದ ಗುಲಾಬಿ ಹೂವಿನ ಶುಭೋದಯ, ವರ್ಷಕ್ಕೆ 365. ಒಂದೇ ಸೂರ್ಯಾಸ್ತ ಮೂವತ್ತೆರಡು ಸಲ, ಸೂರ್ಯ ಮುಳುಗೋದು ನಿಲ್ಲಿಸಿಬಿಡ್ತಾನೇನೋ ಅನ್ನೋ ಗಾಬರಿಯಲ್ಲಿ ತೆಗೆದ ಹಾಗೆ. ಆಮೇಲೆ ವಿಡಿಯೋ. 4ಕೆ, 60 ಫ್ರೇಮಲ್ಲಿ ತೆಗೆದರೆ ಐಫೋನಲ್ಲಿ ನಿಮಿಷಕ್ಕೆ ಸುಮಾರು 400 ಎಂಬಿ. ಅಕ್ಕನ ಮಗಳ ಸ್ಕೂಲ್ ಡೇ ಡ್ಯಾನ್ಸ್ ಎಂಟು ನಿಮಿಷ, ಮೂರು ಜಿಬಿಗೂ ಮೇಲೆ, ಅದರಲ್ಲಿ ಮುಕ್ಕಾಲು ಭಾಗ ಮುಂದಿನ ಸಾಲಿನವರ ತಲೆ. ಇದೆಲ್ಲದರ ನಡುವೆ ಎಲ್ಲೋ ಅಜ್ಜ.

ಬ್ಯಾಕಪ್ ಅನ್ನೋ ಮಾತಿಗೂ ಬರೋಣ, ಯಾಕಂದ್ರೆ ನಾನು ಮುಗ್ಗರಿಸಿದ್ದು ಅಲ್ಲೇ. ನಮ್ಮಲ್ಲಿ ಬಹಳ ಜನ, ಐಟಿಯವರೂ ಸೇರಿ, ಸಿಂಕನ್ನೇ ಬ್ಯಾಕಪ್ ಅಂದ್ಕೊಂಡಿದೀವಿ. ಐಕ್ಲೌಡ್ ಫೋಟೋಸ್ ಆನ್ ಇದ್ದಾಗ ಫೋನಲ್ಲಿ ಒಂದನ್ನ ಅಳಿಸಿದ್ರೆ ಅದು ಐಪ್ಯಾಡಿಂದಲೂ ಹೋಗುತ್ತೆ, ಕ್ಲೌಡಿಂದಲೂ ಹೋಗುತ್ತೆ. ಗೂಗಲ್ ಫೋಟೋಸ್ ಒಳಗಿಂದ ಅಳಿಸಿದ್ರೂ ಅದೇ ಕಥೆ. ಸ್ವಲ್ಪ ದಿನ ಕಸದ ಬುಟ್ಟಿಯಲ್ಲಿರುತ್ತೆ, ಆಮೇಲೆ ಇಲ್ಲ. ಬರೀ ಫೋನಲ್ಲಿ ಜಾಗ ಮಾಡಿಕೊಡೋ 'ಫ್ರೀ ಅಪ್ ಸ್ಪೇಸ್' ಬೇರೆ, ಅಳಿಸೋದು ಬೇರೆ ಅಂತ ನಮ್ಮ ಮನೆಯಲ್ಲೇ ನಾಲ್ಕು ಜನಕ್ಕೆ ಗೊತ್ತಿಲ್ಲ. ಒಂದು ಕಡೆ ಅಳಿಸಿದ್ರೆ ಎಲ್ಲ ಕಡೆ ಅಳಿಯೋದು ಕನ್ನಡಿ. ಕನ್ನಡಿಯಲ್ಲಿ ಎರಡು ಅಜ್ಜ ಕಂಡ್ರೆ ಇಬ್ಬರು ಅಜ್ಜ ಅಂತ ಅರ್ಥ ಅಲ್ಲ.

ಈಗ ಕೆಲವರು ಖುಷಿಯಾಗಿರ್ತಾರೆ. ಫೋಲ್ಡರ್ ಭಕ್ತರು. ವರ್ಷಕ್ಕೊಂದು ಫೋಲ್ಡರ್, ಒಳಗೆ ತಿಂಗಳಿಗೊಂದು, ಒಳಗೆ 'ಕೂರ್ಗ್ ಟ್ರಿಪ್', ಒಳಗೆ 'ಕೂರ್ಗ್ ಟ್ರಿಪ್ ಫೈನಲ್'. ಅಂಥವರೊಬ್ಬರ ಲ್ಯಾಪ್‌ಟಾಪ್ ನೋಡಿದೀನಿ, ಔಷಧಿ ಅಂಗಡಿ ಥರ ಇದೆ. ಒಂದೊಂದು ಡಬ್ಬಿಯಲ್ಲೂ ಅದೇ ಮೂವತ್ತೆರಡು ಸೂರ್ಯಾಸ್ತ. ಡಬ್ಬಿ ಬದಲಾಯಿಸೋದು ಸುಲಭ, ಶನಿವಾರ ಮಧ್ಯಾಹ್ನದ ಕೆಲಸ. ಮೂವತ್ತೊಂದನ್ನ ಬಿಡೋದು ಕಷ್ಟ. ಆರ್ಗನೈಸ್ ಮಾಡೋದು ಅಂದ್ರೆ ಆ ಮೂವತ್ತೊಂದನ್ನ ಬಿಡೋ ಕೆಲಸ, ಅದಕ್ಕೆ ಆ್ಯಪ್ ಇಲ್ಲ.

ಹಳೇ ಆಲ್ಬಮ್ಮೇ ಚೆನ್ನಾಗಿತ್ತು ಅಂತ ಹಾಡೋಕೆ ಹೊರಟಿಲ್ಲ ನಾನು. ನಮ್ಮೂರ ಮಳೆಗೆ ಆಲ್ಬಮ್ ಏನಾಗುತ್ತೆ ಅಂತ ಮಲೆನಾಡಿನವರನ್ನ ಕೇಳಿ. ಅಮ್ಮನ ಮದುವೆ ಆಲ್ಬಮ್ಮಿನ ಅರ್ಧ ಹಾಳೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಕ್ಕೆ ಹೋದ್ರೆ ಚಿಕ್ಕಮ್ಮನ ಮುಖ ಎದುರು ಹಾಳೆಗೆ ಹೋಗುತ್ತೆ. ಆದರೆ ರೀಲಿಗೆ ಮೂವತ್ತಾರು ಫೋಟೋ. ಮೂವತ್ತಾರರಲ್ಲಿ ಚೆನ್ನಾಗಿ ಬಂದದ್ದನ್ನ ಯಾರೋ ಒಬ್ಬರು ಜಗಲಿ ಮೇಲೆ ಕೂತು ಆರಿಸ್ತಿದ್ದರು, ಹಿಂದೆ ಬಾಲ್‌ಪೆನ್ನಲ್ಲಿ 'ಉಪನಯನ, 1987, ಎಡಗಡೆ ನಿಂತವರು ಭಾವಯ್ಯ' ಅಂತ ಬರೀತಿದ್ದರು. ನಮ್ಮ ಮನೇಲಿ ಆ ಯಾರೋ ಒಬ್ಬರು ಅಜ್ಜಿ. ಮೂರನೇ ಕ್ಲಾಸು ಓದಿದವರು. ಅವರು ಬರೆದ ಒಂದು ಸಾಲು ಇಲ್ಲದಿದ್ರೆ ಆ ಎಡಗಡೆ ನಿಂತವರು ಯಾರು ಅಂತ ಇವತ್ತು ಹೇಳೋರೇ ಇಲ್ಲ. ನನ್ನ 31,412ರಲ್ಲಿ ಒಂದಕ್ಕೂ ಅಂಥ ಒಂದು ಸಾಲು ಇರಲಿಲ್ಲ. ತಾರೀಕು ಇದೆ, ಅಕ್ಷಾಂಶ ರೇಖಾಂಶ ಇದೆ, ಯಾವ ಲೆನ್ಸು ಅಂತಲೂ ಇದೆ. ವಾಟ್ಸಾಪಲ್ಲಿ ಬಂದದ್ದಕ್ಕೆ ಅದೂ ಇಲ್ಲ. ಫೈಲಿನ ಹೆಸರಲ್ಲಿರೋ ತಾರೀಕು ಫೋಟೋ ತೆಗೆದ ದಿನದ್ದಲ್ಲ, ಕಳಿಸಿದ ದಿನದ್ದು.

ಹಾಗಾದ್ರೆ ಅಳಿಸೋಣ ಅಂತ ಹೊರಟೆ ನಾನು, ಸಮಾರಾಧನೆ ಮುಗಿಸಿ ಬಂದ ಮೇಲೆ. ಅಲ್ಲಿ ಇನ್ನೊಂದು ಪಾಠ ಕಾದಿತ್ತು. ಈಗಿನ ಫೋನುಗಳಲ್ಲಿ ಕಸ ಗುಡಿಸೋ ಸೌಲಭ್ಯ ಇರುತ್ತೆ. ಒಂದೇ ಥರದವು ಇಷ್ಟು, ಮಸುಕಾದವು ಇಷ್ಟು, ದೊಡ್ಡ ವಿಡಿಯೋ ಇಷ್ಟು, ಎಲ್ಲ ಒಟ್ಟಿಗೆ ಅಳಿಸಲಾ ಅಂತ ಕೇಳುತ್ತೆ. ಮಸುಕಾದ ಪಟ್ಟಿ ಪೂರ್ತಿ ಸೆಲೆಕ್ಟ್ ಮಾಡಿ ಬೆರಳು ಬಟನ್ ಮೇಲೆ ಇಟ್ಟಿದ್ದೆ. ಅದರಲ್ಲಿ ಹನ್ನೊಂದು ಸೆಕೆಂಡಿನ ಒಂದು ವಿಡಿಯೋ. ಫೋನ್ ಜೇಬಿಗೆ ಹಾಕುವಾಗ ತಪ್ಪಿ ಆನ್ ಆದದ್ದು. ಕಾಣೋದು ಅಂಗಳದ ಸಗಣಿ ಸಾರಿಸಿದ ನೆಲ, ನನ್ನ ಚಪ್ಪಲಿ, ಆಮೇಲೆ ಕತ್ತಲೆ. ಯಾಕೋ ಒತ್ತಿ ನೋಡಿದೆ. ಅಜ್ಜನ ಧ್ವನಿ. "ಯಾವ ಬಸ್ಸಿಗೆ ಹೊರಟಿದ್ದೀಯೋ? ಊಟ ಮಾಡ್ಕೊಂಡು ಹೋಗು." ಅಷ್ಟೇ.

212ರಲ್ಲಿ ಇದು ಇರಲಿಲ್ಲ. ಮುಖ ಇಲ್ಲವಲ್ಲ, ಸರ್ಚಿಗೆ ಇದು ಅಜ್ಜ ಅಲ್ಲ. ಗುಡಿಸೋ ಸೌಲಭ್ಯಕ್ಕೆ ಇದು ಕಸ. ಇದು ಏನು ಅಂತ ಗೊತ್ತಿರೋದು ಜಗತ್ತಲ್ಲಿ ಹೆಚ್ಚು ಅಂದ್ರೆ ಎಂಟು ಜನಕ್ಕೆ. ಹಾಗಾಗಿ ಎಲ್ಲ ಇಟ್ಕೋ ಅನ್ನೋರ ಜೊತೆಗೂ ನನಗೆ ಜಗಳ, ಒಂದೇ ಸಲ ಗುಡಿಸಿ ಹಾಕು ಅನ್ನೋರ ಜೊತೆಗೂ ಜಗಳ. ಇಬ್ಬರೂ ಮಾಡ್ತಿರೋದು ಒಂದೇ: ನೋಡೋ ಕೆಲಸ ಬಿಟ್ಟು ಬಾಕಿ ಎಲ್ಲ. ನಮ್ಮ ಫೋಟೋಗಳನ್ನ ನಾವೇ ಒಂದೊಂದಾಗಿ ಕಣ್ಣಿಂದ ನೋಡೋಕೆ ಟೈಮ್ ಇಲ್ಲ ಅಂತೀವಿ. ಗೊತ್ತಿಲ್ಲದವರ ಗೋವಾ ಟ್ರಿಪ್ಪಿನ ರೀಲ್ಸ್ ನೋಡಕ್ಕೆ ರಾತ್ರಿ ಹನ್ನೆರಡರವರೆಗೂ ಟೈಮ್ ಇದೆ.

ಇನ್ನೊಂದು ವಿಷಯ, ಇಪ್ಪತ್ತೆಂಟಕ್ಕೆ ಇದೆಲ್ಲ ಯಾಕೆ ಅನ್ನೋರಿಗೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನ ಒಳಗಿರೋ ಫೋಟೋಗಳ ಸಮೇತ ಅಳಿಸಬಹುದು ಅಂತ ಗೂಗಲ್ 2023ರಲ್ಲಿ ನಿಯಮ ತಂದಿದೆ. ನಾನು ಇಲ್ಲದಾಗ ಇದು ಇಂಥವರಿಗೆ ಸೇರಲಿ ಅಂತ ಮುಂಚೆಯೇ ಬರೆದಿಡೋ ವ್ಯವಸ್ಥೆ ಅವರಲ್ಲೂ ಇದೆ, ಆಪಲ್‌ನಲ್ಲೂ 2021ರಿಂದ ಇದೆ. ನಮ್ಮ ಊಟದ ಟೇಬಲಲ್ಲಿ ಕೇಳಿದೆ, ಆರು ಜನ ಇಂಜಿನಿಯರ್‌ಗಳಲ್ಲಿ ಒಬ್ಬರೂ ಮಾಡಿರಲಿಲ್ಲ. ಮಾಡಿದ್ರು ಅಂತಲೇ ಇಟ್ಕೊಳ್ಳಿ. ಪಾರ್ಕಿಂಗ್ ಕಂಬ, ಮೀಟರ್, ಮೂವತ್ತೆರಡು ಸೂರ್ಯಾಸ್ತದ ನಡುವೆ ನೀವು ಯಾರಾಗಿದ್ದಿರಿ ಅಂತ ಹುಡುಕೋ ಕೆಲಸವನ್ನ ಯಾರಿಗೆ ಬಿಟ್ಟು ಹೋಗ್ತೀರಿ? ಅಳ್ತಾ ಕೂತಿರೋ ಹೆಂಡತಿಗಾ, ಇನ್ನೂ ಹುಟ್ಟಿರದ ಮೊಮ್ಮಗನಿಗಾ?

ನಾನೀಗ ಮಾಡ್ತಿರೋದು ದೊಡ್ಡದೇನಲ್ಲ. ಮೆಟ್ರೋದಲ್ಲಿ ದಿನಾ ಇಪ್ಪತ್ತು ನಿಮಿಷ. ಇವತ್ತು ಜೂನ್ 12 ಅಂದ್ರೆ ಹಿಂದಿನ ಎಲ್ಲ ವರ್ಷಗಳ ಜೂನ್ 12 ಮಾತ್ರ ತೆಗೀತೀನಿ. ಹೆಚ್ಚು ಅಂದ್ರೆ ನೂರು ಇರುತ್ತೆ, ನೋಡಿ ಮುಗಿಯುತ್ತೆ. ಒಂದು ವರ್ಷಕ್ಕೆ ಇಡೀ ಫೋನ್ ಒಂದು ಸುತ್ತು. ಉಳಿಸಿದ್ದಕ್ಕೆ ಒಂದು ಸಾಲು ಬರೀತೀನಿ, ಯಾರು, ಎಲ್ಲಿ ಅಂತ. ಆ್ಯಪಿನ ಒಳಗೆ ಬರೆದದ್ದು ಫೈಲಿಗೆ ಅಂಟಿಕೊಂಡು ಬರಲ್ಲ ಅಂತ ಒಂದು ತಿಂಗಳಾದ ಮೇಲೆ ಗೊತ್ತಾಯ್ತು. ಹಾಗಾಗಿ ಮುಖ್ಯವಾದವುಗಳ ಫೈಲಿನ ಹೆಸರನ್ನೇ ಬದಲಾಯಿಸಿ ಹಾರ್ಡ್‌ಡಿಸ್ಕಿಗೆ ಹಾಕ್ತೀನಿ, ಅದರ ಇನ್ನೊಂದು ಪ್ರತಿ ಊರಲ್ಲಿ ಅಮ್ಮನ ಬೀರುವಿನಲ್ಲಿ. ವಾಟ್ಸಾಪಲ್ಲಿ ಬಂದದ್ದೆಲ್ಲ ತಾನಾಗೇ ಗ್ಯಾಲರಿಗೆ ಇಳಿಯೋದನ್ನ ನಿಲ್ಲಿಸಿದೀನಿ. ಸೋದರತ್ತೆಯ ಗುಲಾಬಿ ಈಗ ಚಾಟಲ್ಲೇ ಅರಳಿ ಅಲ್ಲೇ ಬಾಡುತ್ತೆ. 31,412 ಈಗ ಒಂಬತ್ತು ಸಾವಿರ ಚಿಲ್ಲರೆಗೆ ಬಂದು ನಿಂತಿದೆ. ಅದೂ ಜಾಸ್ತಿಯೇ.

ಗೋಡೆ ಮೇಲಿನ ಫೋಟೋ ಏನಾಯ್ತು ಅಂತ ಕೇಳ್ತೀರೇನೋ. ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದಲ್ಲಿ ಯಾರೋ ಒಳ್ಳೆ ಕ್ಯಾಮೆರಾದಲ್ಲಿ ತೆಗೆದ ಒಂದು ಗ್ರೂಪ್ ಫೋಟೋ ಸಿಕ್ತು. ಸ್ಟುಡಿಯೋದವರು ಅದರಿಂದ ಅಜ್ಜನನ್ನ ಕತ್ತರಿಸಿ, ಪಕ್ಕದಲ್ಲಿದ್ದ ರೇಷ್ಮೆಸೀರೆಯ ಭುಜ ಅಳಿಸಿ, ಹಿಂದೆ ನೀಲಿ ಬಣ್ಣ ಹಾಕಿ ಕೊಟ್ಟರು. ಅಜ್ಜನ ಎಡ ಭುಜ ಆ ಸೀರೆಯ ಹಿಂದೆ ಇದ್ದದ್ದರಿಂದ ಅದನ್ನೂ ಅವರೇ ಬರೆದಿದ್ದಾರೆ. ಚೆನ್ನಾಗೇ ಬರೆದಿದ್ದಾರೆ. ಬಂದವರು ಯಾರಿಗೂ ಗೊತ್ತಾಗಲಿಲ್ಲ, ಅಮ್ಮನಿಗೆ ಗೊತ್ತಾಯ್ತು.

ಹನ್ನೊಂದು ಸೆಕೆಂಡಿನ ವಿಡಿಯೋವನ್ನ ಅವರಿಗೂ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. "ಇದ್ರಲ್ಲಿ ಏನೂ ಕಾಣಲ್ವಲ್ಲೋ, ಬರೀ ನಿನ್ನ ಚಪ್ಪಲಿ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನನ್ನ ಫೋನಲ್ಲಿ ಅಳಿಸಿ ಹೋಗದಂಗೆ ಇಡೋದು ಹೆಂಗೆ, ಬಂದಾಗ ತೋರ್ಸಿಕೊಡು" ಅಂದರು.