ಪಾರ್ಶ್ವವಾಯುವೂ ನಡಿಗೆಯ ಅಳತೆಯೂ

ಪಾರ್ಶ್ವವಾಯುವಿನ ಹೊಡೆತದಿಂದ ಉಳಿದುಕೊಂಡವರು ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಎರಡು ಬಗೆಯ ಉಪದೇಶಗಳು ಅವರನ್ನು ಸುತ್ತಿಕೊಳ್ಳುವುದನ್ನು ನಾವು ಊರೂರಿನಲ್ಲಿಯೂ ಕಂಡಿದ್ದೇವೆ. ‘ಮಿಸುಕದೆ ಮಲಗಿರಲಿ, ದಣಿದರೆ ಮತ್ತೆ ಹೊಡೆದೀತು’ ಎಂಬುದು ಒಂದು. ‘ಎಬ್ಬಿಸಿ ನಡೆಸಿರಿ, ಬಿಟ್ಟರೆ ಕಾಲು ಬಿದ್ದೇಹೋದೀತು’ ಎಂಬುದು ಮತ್ತೊಂದು. ಮೊದಲನೆಯದನ್ನು ನಂಬಿದ ಮನೆಯಲ್ಲಿ ರೋಗಿಯು ಮಂಚಕ್ಕೆ ಅಂಟುತ್ತಾನೆ. ಎರಡನೆಯದನ್ನು ನಂಬಿದ ಮನೆಯಲ್ಲಿ ದಣಿದು ಬೀಳುತ್ತಾನೆ. ಎರಡೂ ಮಮತೆಯಿಂದ ಹುಟ್ಟಿದ ಮಾತುಗಳೇ ಸರಿ. ಆದರೆ ಎರಡಕ್ಕೂ ಅಳತೆಯೆಂಬುದಿಲ್ಲ. ಔಷಧಕ್ಕೆ ಪ್ರಮಾಣವೂ ಕಾಲವೂ ಇರುವಂತೆ ವ್ಯಾಯಾಮಕ್ಕೂ ಅವೆರಡೂ ಉಂಟೆಂಬುದನ್ನೇ ನಾವು ಇಂದು ವಾಚಕ ಮಹಾಶಯರ ಮುಂದಿಡಬಯಸುತ್ತೇವೆ.

ಈ ವಿಷಯದಲ್ಲಿ ಊಹೆಯ ಕಾಲವು ಕಳೆದುಹೋಗಿದೆ. ಆಸ್ಟ್ರೇಲಿಯಾದವರ ಮುಂದಾಳ್ತನದಲ್ಲಿ 5 ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹೊಡೆತ ಬಿದ್ದ 24 ಗಂಟೆಗಳೊಳಗೇ ರೋಗಿಗಳನ್ನು ಎಬ್ಬಿಸಿ ಹೆಚ್ಚು ಹೆಚ್ಚಾಗಿ ನಡೆದಾಡಿಸಲಾಯಿತು. ಮೂರು ತಿಂಗಳ ಬಳಿಕ ನೋಡಲಾಗಿ, ಹೀಗೆ ಅವಸರಪಡಿಸಿದವರಲ್ಲಿ ನೂರಕ್ಕೆ 46 ಮಂದಿಯೂ, ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 50 ಮಂದಿಯೂ ಚೆನ್ನಾಗಿ ಚೇತರಿಸಿಕೊಂಡಿದ್ದರು. ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ, ಹಲವು ಬಾರಿ ಎಬ್ಬಿಸುವುದೇ ಲೇಸೆಂದು ಆ ಲೆಕ್ಕಗಳ ಮರುಶೋಧನೆಯಿಂದ ತಿಳಿದುಬಂದಿತು. ಜರ್ಮನಿಯಲ್ಲಿ ಹೊಡೆತದ ಮೊದಲ ವಾರಗಳಲ್ಲಿದ್ದ 200 ಮಂದಿಯನ್ನು ಆರಿಸಿ, ಒಂದು ಗುಂಪಿಗೆ ನಾಲ್ಕು ವಾರಗಳ ಕಾಲ ನಡಿಗೆಯ ಯಂತ್ರದ ಮೇಲೆ ವ್ಯಾಯಾಮವನ್ನೂ, ಮತ್ತೊಂದಕ್ಕೆ ವಿಶ್ರಾಂತಿಯ ಅಭ್ಯಾಸವನ್ನೂ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಫಲವೇನೆಂದರೆ, ನಡಿಗೆಯ ವೇಗದಲ್ಲಿ ಗಣನೀಯವಾದ ಲಾಭವಿಲ್ಲ. ಅಪಾಯಗಳು ಮಾತ್ರ ವ್ಯಾಯಾಮದ ಗುಂಪಿನಲ್ಲಿಯೇ ಹೆಚ್ಚು.

ಹಾಗಾದರೆ ಮಲಗಿಸಿಡುವುದೇ ಮೇಲೆಂದು ಯಾರೂ ತಿಳಿಯಬಾರದು. ಹೊಡೆತ ಬಿದ್ದು 6 ತಿಂಗಳಿನಿಂದ 5 ವರ್ಷಗಳಾಗಿದ್ದ 55 ಮಂದಿಯ ಮೇಲೆ ಅಮೆರಿಕಾದಲ್ಲಿ ನಡೆದ ಪರೀಕ್ಷೆಯು 2023ರಲ್ಲಿ ಹೊರಬಂದಿತು. ಅರ್ಧ ನಿಮಿಷ ತಮ್ಮ ಶಕ್ತಿಗೆ ನಿಲುಕಿದಷ್ಟು ಬಿರುಸಾಗಿ ನಡೆದು, ಕೊಂಚ ನಿಂತು, ಪುನಃ ನಡೆಯುವುದು ಒಂದು ಗುಂಪಿನ ಕ್ರಮ. ಬಿಡುವಿಲ್ಲದೆ ಮಧ್ಯಮಗತಿಯಲ್ಲಿ ನಡೆಯುವುದು ಇನ್ನೊಂದರದು. ವಾರಕ್ಕೆ ಮೂರು ಸಲ, 45 ನಿಮಿಷದಂತೆ, 12 ವಾರಗಳಾದ ಮೇಲೆ ಆರು ನಿಮಿಷಗಳಲ್ಲಿ ನಡೆಯಬಲ್ಲ ದೂರವು ಮೊದಲ ಗುಂಪಿನಲ್ಲಿ 71 ಮೀಟರು ಹೆಚ್ಚಿತು. ಎರಡನೆಯದರಲ್ಲಿ 27 ಮೀಟರು. ವರ್ಷಗಳು ಕಳೆದವೆಂದು ಕೈಬಿಟ್ಟ ಕಾಲುಗಳಿಗೂ ಆಸೆಯುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಅವರು ಕೈಕೊಂಡ ಎಚ್ಚರಿಕೆಯನ್ನು ಮರೆಯಬಾರದು. ಹೃದಯವನ್ನು ಮೊದಲೇ ಪರೀಕ್ಷಿಸಿದ್ದರು. ಯಂತ್ರದ ಮೇಲೆ ಬೀಳದಂತೆ ಪಟ್ಟಿ ಕಟ್ಟಿದ್ದರು. ಪಕ್ಕದಲ್ಲಿ ಬಲ್ಲವರು ನಿಂತಿದ್ದರು. ರಕ್ತದೊತ್ತಡಕ್ಕಾಗಿ ಕೊಡುವ ಕೆಲವು ಔಷಧಗಳು ನಾಡಿಯ ವೇಗವನ್ನು ತಗ್ಗಿಸುವುದರಿಂದ ಬರಿಯ ನಾಡಿಯನ್ನು ನಂಬಿದರೂ ಮೋಸಹೋಗಬಹುದು. ಪತ್ರಿಕೆಯಲ್ಲಿ ಓದಿದೆವೆಂದು ಯಾರೂ ನಾಳೆ ಬೆಳಗ್ಗೆ ತಮ್ಮ ತಂದೆಯವರನ್ನು ಬೀದಿಯಲ್ಲಿ ಓಡಿಸಲು ಹೊರಡಬಾರದೆಂದು ಬಿನ್ನವಿಸುತ್ತೇವೆ.

ನಮ್ಮ ದೇಶದ ಅನುಭವವೂ ಇದನ್ನೇ ಸಾರುತ್ತದೆ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ವಿಷಯದಲ್ಲಿ, ಮನೆಯವರಿಗೇ ತರಬೇತಿಯಿತ್ತು ಆರೈಕೆಯನ್ನು ಒಪ್ಪಿಸಿ ನೋಡಲಾಯಿತು. 2017ರಲ್ಲಿ ಪ್ರಕಟವಾದಂತೆ, ಅದರಿಂದ ಮರಣವಾಗಲಿ ಪರಾಧೀನತೆಯಾಗಲಿ ಕಡಮೆಯಾಗಲಿಲ್ಲ. ಅತ್ತ 408 ಮಂದಿಯನ್ನು ಕುರಿತ 2011ರ ಅಮೆರಿಕಾದ ಪರೀಕ್ಷೆಯಲ್ಲಿ, ಫಿಸಿಯೋಥೆರಪಿ ಬಲ್ಲವರು ಮನೆಗೇ ಬಂದು ಮಾಡಿಸಿದ ವ್ಯಾಯಾಮವು ನಡಿಗೆಯ ಯಂತ್ರದಷ್ಟೇ ಫಲವನ್ನು ಕೊಟ್ಟಿತು. ಇವೆರಡನ್ನೂ ಕೂಡಿಸಿ ನೋಡಿದರೆ ನಮಗೆ ಕಾಣುವುದಿಷ್ಟು: ಬೆಲೆಬಾಳುವ ಯಂತ್ರವಿಲ್ಲದೆ ನಡೆದೀತು, ಪಳಗಿದ ಕಣ್ಣಿಲ್ಲದೆ ನಡೆಯದು. ಮಮತೆಯು ಆ ಕಣ್ಣಿಗೆ ಸಹಾಯಕವೇ ಹೊರತು ಅದಕ್ಕೆ ಬದಲಲ್ಲ.

ನಿಮ್ಹಾನ್ಸ್ ಸಂಸ್ಥೆಯೂ ರಾಜ್ಯ ಸರ್ಕಾರವೂ ಕೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕದ ಮೆದುಳು ಆರೋಗ್ಯದ ಯೋಜನೆಯಲ್ಲಿ ಪಾರ್ಶ್ವವಾಯುವೂ ಸೇರಿರುವುದು ಸಂತೋಷದ ಸಂಗತಿ. ಆದರೆ ರೋಗವನ್ನು ಗುರುತಿಸಿ ಪ್ರಾಣವನ್ನು ಉಳಿಸಿದಲ್ಲಿಗೆ ಕರ್ತವ್ಯವು ಮುಗಿಯಲಿಲ್ಲ. ತಾಲ್ಲೂಕು ಆಸ್ಪತ್ರೆಯೊಂದೊಂದರಲ್ಲಿಯೂ ಫಿಸಿಯೋಥೆರಪಿ ಬಲ್ಲವರು ಇರತಕ್ಕದ್ದು; ಅವರು ಹಳ್ಳಿಗಳಿಗೆ ಹೋಗಿಬರುವ ಏರ್ಪಾಡಾಗತಕ್ಕದ್ದು; ಮನೆಗೆ ಹೊರಡುವ ರೋಗಿಯ ಕೈಯಲ್ಲಿ ಔಷಧದ ಚೀಟಿಯೊಡನೆ ವ್ಯಾಯಾಮದ ಚೀಟಿಯೂ ಇರತಕ್ಕದ್ದು. ಎಂದಿನಿಂದ, ಎಷ್ಟು ಹೊತ್ತು, ಎಷ್ಟು ಬಿರುಸು, ಯಾವಾಗ ನಿಲ್ಲಿಸಬೇಕು, ಇವಿಷ್ಟನ್ನು ತಿಳಿಯಾದ ಕನ್ನಡದಲ್ಲಿ ಬರೆದುಕೊಡುವುದಕ್ಕೆ ಖಜಾನೆಯೇನೂ ಬರಿದಾಗದು.

ದುಡಿಯುವ ಒಬ್ಬನು ಮಂಚ ಹಿಡಿದರೆ ಅವನನ್ನು ನೋಡಿಕೊಳ್ಳಲು ಮತ್ತೊಬ್ಬರ ದುಡಿಮೆಯೂ ನಿಲ್ಲುತ್ತದೆ. ಒಂದು ಹೊಡೆತಕ್ಕೆ ಎರಡು ಬಾಳುಗಳು ಕುಂಟುತ್ತವೆ. ಅಂತಹ ಮನೆಯವನು ಊರುಗೋಲು ಹಿಡಿದಾದರೂ ತನ್ನ ಹೊಲದ ಬದುವಿನವರೆಗೆ ತಾನೇ ನಡೆದುಹೋಗುವಂತಾದರೆ, ಆ 71 ಮೀಟರುಗಳ ಬೆಲೆ ಎಷ್ಟೆಂಬುದನ್ನು ಅವನ ಹೆಂಡತಿಯನ್ನು ಕೇಳಿ ತಿಳಿಯಬೇಕು. ಸರ್ಕಾರದವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿದ್ದೇವೆ.